ಶಿಕ್ಕಾ ಹಾಕಿಸಿದ ಕಾಕು

ಟೈಪಿಂಗ್ ಕಾಕುವಿನ ಬಲಗೈ ಹೆಬ್ಬೆರಳು ಯಾವಾಗ ನೋಡಿದರೂ ನೇರಳೆ ಬಣ್ಣದ್ದು. ಮರಾಠಿ ನಾಡಿನ ಈ ಶಿವಾಜಿನಗರದ ಕೋರ್ಟಿನ ಗೋಡೆಗೆ ಹೊಂದಿಕೊಂಡ ತಗಡಿನ ನೆರಳಿನಲ್ಲಿ ಕೂತು ಮೂವತ್ತು ವರ್ಷಕ್ಕೂ ಮೇಲೆ ಅವರು ಅರ್ಜಿ, ಅಫಿಡವಿಟ್ಟು ಟೈಪು ಮಾಡಿದರು. ಸಹಿ ಬಾರದವರು ಬಂದರೆ ಅವರ ಹೆಬ್ಬೆರಳನ್ನು ತಾವೇ ಹಿಡಿದು ಶಾಯಿಗೆ ಒತ್ತಿ ಕಾಗದದ ಮೇಲೆ ಊರಿಸುತ್ತಿದ್ದರು. ಬಂದವರು ಕೈ ತೊಳೆದುಕೊಂಡು ಹೋಗುತ್ತಿದ್ದರು, ಶಾಯಿ ಕಾಕುವಿನ ಬೆರಳಿನಲ್ಲಿ ಉಳಿಯುತ್ತಿತ್ತು. ಆದರೆ ಒತ್ತುವ ಮೊದಲು ಇಡೀ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಲೇಬೇಕು. ವಕೀಲ ಹಿಂದೆ ನಿಂತು ಎಷ್ಟೇ ಗಡಿಬಿಡಿ ಮಾಡಲಿ, ಓದಿ ಮುಗಿಸಿ, "ಈಗ ಇದರಾಗ ಏನದ ನೀ ಹೇಳು" ಎಂದು ಎದುರಿನವರನ್ನು ಕೇಳುತ್ತಿದ್ದರು. ಹೇಳಲು ಬರದಿದ್ದರೆ ಮತ್ತೆ ಮೊದಲಿನಿಂದ.

ಅಕ್ಕಲಕೋಟೆ ಕಡೆಯವರು. ಮನೆಯೊಳಗೆ ಕನ್ನಡ, ಮಷೀನಿನ ಮೇಲೆ ಮರಾಠಿ. ನಮ್ಮ ಚಾಳಿನಲ್ಲಿ, ಸಾಲು ಮನೆಗಳ ವಠಾರದಲ್ಲಿ, ಅವರ ಖೋಲಿ ನಮ್ಮ ಖೋಲಿಗೆ ಒತ್ತಿಕೊಂಡಿತ್ತು; ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಯಾವ ಕಾಗದವಿರಲಿ, ಮೂರು ಪ್ರತಿ. ಒಂದು ಕಚೇರಿಗೆ, ಒಂದು ನಮಗೆ, ಒಂದು ಕಾಕುವಿನ ಟ್ರಂಕಿಗೆ. ನಮ್ಮ ಪ್ರತಿಯ ಮೇಲೆ ಕಾಗದ ಮುಟ್ಟಿತೆಂದು ಕಚೇರಿಯವರ ಶಿಕ್ಕಾ, ಅಂದರೆ ಮೊಹರು, ಬೀಳಬೇಕು, ತಾರೀಖು ಬೀಳಬೇಕು, ವೇಳೆಯೂ ಬೀಳಬೇಕು. ಇನ್ನೊಂದು ವಿಚಿತ್ರವಿತ್ತು. ಆಸ್ಪತ್ರೆಯ ಮೇಲಿನ ತಕರಾರಾದರೆ ಕಾಕು ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಒಂದು ಚಹಾ ಸಾಕು. ಯಾಕೆಂದು ನಾನು ಕೇಳಿರಲಿಲ್ಲ, ನನ್ನ ಮೈಮೇಲೆ ಬರುವತನಕ.

ನಾನು ತಳೇಗಾಂವದ ಫ್ಯಾಕ್ಟರಿಯಲ್ಲಿ ಬಿಡಿಭಾಗ ತಪಾಸಣೆ ಮಾಡುವವಳು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲು ಹೊರಗೆ ಎಸೆಯುತ್ತೇನೆ. ಅಂಥವಳು ಗಂಡನ ಮೂತ್ರಪಿಂಡದ ಕಲ್ಲಿನ ಆಪರೇಷನ್ನಿನ ದಿನ ಐದು ಕಾಗದಕ್ಕೆ ಓದದೆ ಸಹಿ ಹಾಕಿದೆ. ಕಾರಣ ಹೇಳಲು ಇವತ್ತಿಗೂ ನಾಚಿಕೆ. ಬಿಲ್ಲಿನ ಕಿಟಕಿಯಲ್ಲಿ ಕೂತವನು ನಾನು ಫೋನಿನಲ್ಲಿ ಅತ್ತೆಯ ಹತ್ತಿರ ಮಾತಾಡುವುದನ್ನು ಕೇಳಿಸಿಕೊಂಡು ಕನ್ನಡದಲ್ಲಿ ಕರೆದ.

"ಬಿಜಾಪುರ ಕಡೆಯವ್ರೇನ್ರಿ ಅಕ್ಕಾರ? ನಮ್ಮವ್ರೇ ಇದ್ದೀರಿ ಬಿಡ್ರಿ. ವಿಮೆದ ಮಂಜೂರಿ ಬರೂತನಕ ಇದು ಬರೇ ಜಾಮೀನ. ರೊಕ್ಕಾ ಬಂತಂದ್ರ ನಾನ ಹರದ ಒಗೀತೀನಿ."

ದಿನವಿಡೀ ಮರಾಠಿ ಮಾತಾಡುವವಳಿಗೆ ಆ ಹೊತ್ತಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಏನಾಗುತ್ತದೆ ಎಂಬುದು ಇಲ್ಲಿರುವ ನಮ್ಮವರಿಗೇ ಗೊತ್ತು. ಕಣ್ಣು ತುಂಬಿ ಬಂತು. ಅವನು ತೋರಿಸಿದಲ್ಲೆಲ್ಲ ಸಹಿ ಮಾಡಿದೆ, ಹಳೆಯ ಖಾತೆಯ ಚೆಕ್ಕು ಕೊಟ್ಟೆ, ಮೊಬೈಲಿಗೆ ಬಂದ ಓಟಿಪಿಯನ್ನೂ ಓದಿ ಹೇಳಿದೆ. ಮೂರನೆಯ ದಿನ ವಿಮೆಯವರು ಪೂರ್ತಿ ಬಿಲ್ಲು ಕಟ್ಟಿದರು. ನಾವು ಅವನಿಗೆ ಕೈಮುಗಿದು ಮನೆಗೆ ಬಂದೆವು.

ಅದು ಜಾಮೀನಾಗಿರಲಿಲ್ಲ, ಒಂದು ಫೈನಾನ್ಸ್ ಕಂಪನಿಯ ಸಾಲದ ಅರ್ಜಿ. ಅವರು ನನ್ನ ಹೆಸರಿನಲ್ಲಿ ಅದೇ ಬಿಲ್ಲಿನ ಹಣವನ್ನು ಆಸ್ಪತ್ರೆಗೆ ಕೊಟ್ಟಿದ್ದರು. ಆಸ್ಪತ್ರೆ ಎರಡೂ ಕಡೆಯಿಂದ ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಕೂತಿತ್ತು. ಹಳೆಯ ಖಾತೆಯಲ್ಲಿ ಏನೂ ಇಲ್ಲದ್ದರಿಂದ ತಿಂಗಳು ತಿಂಗಳೂ ಕಂತು ಬೌನ್ಸ್ ಆಯಿತು. ಫೋನು ಬಂದಾಗಲೆಲ್ಲ ಟೋಪಿ ಹಾಕುವವರು ಎಂದು ಬೈದು ಇಟ್ಟೆ. ಗೊತ್ತಾದದ್ದು ವರ್ಷದ ಮೇಲೆ, ತಳೇಗಾಂವದಲ್ಲಿ ಒಂದು ಖೋಲಿ-ಅಡಿಗೆಮನೆಯ ಫ್ಲ್ಯಾಟಿಗಾಗಿ ಬ್ಯಾಂಕಿಗೆ ಹೋದಾಗ. ನನ್ನ ಕ್ರೆಡಿಟ್ ಸ್ಕೋರ್ ನೆಲ ಕಚ್ಚಿದೆ, ಮನೆ ಸಾಲ ಸಿಗುವುದಿಲ್ಲ ಎಂದರು. ತವರಿನ ಚಿನ್ನದ ಬಳೆ, ಪಾಟ್ಲಿ, ಮಾರಿ ಬಿಲ್ಡರನಿಗೆ ಮುಂಗಡ ಕೊಟ್ಟಿದ್ದೆ. ಎರಡು ತಿಂಗಳಲ್ಲಿ ಸಾಲದ ಮಂಜೂರಿ ತೋರಿಸದಿದ್ದರೆ ಮನೆಯೂ ಇಲ್ಲ, ಪಾಟ್ಲಿಯೂ ಇಲ್ಲ.

ಕಾಕು ಎಲ್ಲ ಕೇಳಿ ಮೊದಲು ನನ್ನನ್ನೇ ಬೈದರು. "ಹನ್ನೊಂದು ವರ್ಷ ನನ್ನ ಮಗ್ಗಲದಾಗ ಇದ್ದಿ. ಓದದ ಸಹಿ ಹಾಕಿ ಬಂದಿ?"

"ಅಂವ ಕನ್ನಡ ಮಾತಾಡಿದನ್ರಿ ಕಾಕು" ಎಂದೆ. ಅವರು ಬೈಯುವುದು ಬಿಟ್ಟು ನನ್ನ ಕೈಯಲ್ಲಿದ್ದ ಕಾಗದ ಈಸಿಕೊಂಡರು.

ಅಷ್ಟರಲ್ಲಿ ಫೈನಾನ್ಸಿನವರು, ಅರ್ಧ ಕೊಡಿ, ಸೆಟಲ್ ಮಾಡಿ ಮುಗಿಸುತ್ತೇವೆ ಎಂದರು. ನಾನು ಕುಣಿದಾಡಿದೆ. ಕಾಕು ತಲೆ ಅಲ್ಲಾಡಿಸಿದರು. "ಅರ್ಧಾ ಕೊಟ್ಟಿ ಅಂದ್ರ ಅರ್ಧಾ ಮುಳುಗಿಸಿದಾಕಿ ಅಂತ ನಿನ್ನ ಹೆಸರಿನ ಮುಂದ ಬರೀತಾರ. ವರ್ಷಾನಗಟ್ಟಲೆ ಇರ್ತದ ಅದು. ಆಸ್ಪತ್ರೆಯವ್ರು ಪೂರಾ ರೊಕ್ಕಾ ತಿರುಗಿ ಕೊಡಬೇಕು, ಫೈನಾನ್ಸಿನವ್ರು ಈ ಸಾಲಾನ ತಪ್ಪು ಅಂತ ಬರಕೊಡಬೇಕು. ಕಡಿಮಿ ಬ್ಯಾಡ."

ನನಗೆ ಕಾಗದ ಬೇಕಿರಲಿಲ್ಲ. ಆ ಕಿಟಕಿಯವನ ಕಪಾಳಕ್ಕೆ ಚಪ್ಪಲಿಯಿಂದ ಬಾರಿಸಬೇಕಿತ್ತು. ಹಾಗೆಂದೇ ಹೇಳಿದೆ. ಕಾಕು ಮಷೀನಿಗೆ ಕಾರ್ಬನ್ ಸೇರಿಸುತ್ತ ತಮ್ಮ ಕತೆ ಹೇಳಿದ್ದು ಆಗ. ಗಂಡ ಆಸ್ಪತ್ರೆಯಲ್ಲಿ ಬೆಳಿಗ್ಗೆ ತೀರಿಕೊಂಡರು. ಬಾಕಿ ಕಟ್ಟುವತನಕ ಹೆಣ ಕೊಡುವುದಿಲ್ಲ ಎಂದರು. ಕಾಕುವಿನ ತಮ್ಮ ಊರಿನಿಂದ ಹಣ ಹೊಂದಿಸಿಕೊಂಡು ಬರುವಷ್ಟರಲ್ಲಿ ಸಂಜೆ.

"ನಾ ಊರ ಮಂದೀದು ಅರ್ಜಿ ಬರಿಯಾಕಿ. ನಂದೊಂದು ಬರೀಲಿಲ್ಲ. ಅಳಕೋತ ಕುಂತೆ. ಚಪ್ಲಿ ತಗೊಂಡ್ರ ನಿನ್ನ ಮ್ಯಾಲೆ ಕೇಸ್ ಆಗ್ತದ, ತಂಗಿ. ಅವನ ಮ್ಯಾಲೆ ಆಗಬೇಕು."

ಮರುದಿನ ಕಾಕು ಟೈಪು ಮಾಡಿದ ತಕರಾರಿನ ಪತ್ರ ಹಿಡಿದು ಇಬ್ಬರೂ ಆ ಆಸ್ಪತ್ರೆಗೆ ಹೋದೆವು. ಕಿಟಕಿಯವನು ಪತ್ರದ ಮೇಲೆ ಸುಮ್ಮನೆ ಕಣ್ಣಾಡಿಸಿ, ಶಿಕ್ಕಾ ಇಲ್ಲ, ಮೇಲಿನವರಿಲ್ಲ, ಬಿಟ್ಟು ಹೋಗಿ ಎಂದ. ಕಾಕು ಜಗಳಾಡಲಿಲ್ಲ. ಮೂರೂ ಪ್ರತಿಯ ಮೇಲೆ "ಸ್ವೀಕರಿಸಲು ನಿರಾಕರಿಸಿದರು" ಎಂದು ಪೆನ್ನಿನಿಂದ ಬರೆದು, ಸರದಿಯಲ್ಲಿ ನಿಂತವರ ಕಡೆ ತಿರುಗಿ, ಸಾಕ್ಷಿ ಸಹಿ ಬೇಕು ಎಂದರು. ಓದದೆ ಯಾರ ಸಹಿಯನ್ನೂ ತೆಗೆದುಕೊಳ್ಳುವವರಲ್ಲವಲ್ಲ. ಕೋರ್ಟಿನ ಗೋಡೆಯ ಪಕ್ಕ ಕೂತು ಓದುವ ಅದೇ ದನಿಯಲ್ಲಿ, ಮರಾಠಿಯಲ್ಲಿ, ಮೊದಲಿನಿಂದ ಕೊನೆಯತನಕ ಓದಿದರು. ಅರ್ಧ ಓದುವಷ್ಟರಲ್ಲಿ ಸರದಿಯಲ್ಲಿದ್ದ ಒಬ್ಬ ಹೆಂಗಸು ತನ್ನ ಕೈಯಲ್ಲಿದ್ದ ಕಾಗದವನ್ನು ತಿರುವಿ ನೋಡಿದಳು. ಆಮೇಲೆ ಇನ್ನೊಬ್ಬ. "ಮೀ ಪಣ ಹಾ ಫಾರ್ಮ್ ಭರಲಾಯ್" ಎಂದು ಒಬ್ಬ ಮುದುಕ ಕೂಗಿದ. ತಾನೂ ಅದೇ ಫಾರ್ಮ್ ತುಂಬಿದ್ದೇನೆ ಎಂದು! ಎಲ್ಲರೂ ಕಿಟಕಿಗೆ ಮುತ್ತಿದರು.

ಅವನು ಬೆವರುತ್ತ ಗಾಜಿನ ಹಿಂದಿನಿಂದ ಹೊರಗೆ ಓಡಿ ಬಂದ. "ಕಾಕು, ಬ್ಯಾಡ್ರಿ, ಕೈ ಮುಗೀತೀನಿ. ನಾವು ನಿಮ್ಮವ್ರ ಅಲ್ಲೇನ್ರಿ?"

"ನಮ್ಮವ ಅಂತನ ಈಕಿ ಸಹಿ ಹಾಕ್ಯಾಳ. ಈಗ ನಮ್ಮವ ಅಂತನ ನೀ ಶಿಕ್ಕಾ ಹಾಕು."

ಹಾಕಿದ. ಶಿಕ್ಕಾ ಸೊಟ್ಟಗೆ ಬಿತ್ತು. ಕಾಕು ಇನ್ನೊಮ್ಮೆ ನೆಟ್ಟಗೆ ಹಾಕಿಸಿದರು.

ಆ ಪ್ರತಿಯ ಹಿಂದೆ ಇನ್ನೂ ನಾಲ್ಕು ಪತ್ರ ಹೋದವು. ಆಸ್ಪತ್ರೆ ಹಣ ತಿರುಗಿಸಿತು, ಫೈನಾನ್ಸಿನವರು ಸಾಲ ರದ್ದು ಎಂದು ಬರೆದುಕೊಟ್ಟರು, ನನ್ನ ಹೆಸರಿನ ಮುಂದಿನ ಕಲೆ ಹೋಯಿತು. ಬಿಲ್ಡರನ ಗಡುವಿಗೆ ನಾಲ್ಕು ದಿನ ಉಳಿದಾಗ ಮನೆ ಸಾಲ ಮಂಜೂರಾಯಿತು. ಅದೇ ವಾರ ಆ ಕಿಟಕಿಯವನ ನೌಕರಿ ಹೋಯಿತೆಂದು ಗೊತ್ತಾಯಿತು. ನಾನೇನೂ ದೊಡ್ಡ ಮನಸ್ಸಿನವಳಲ್ಲ. ಮನೆಗಿಂತ ಮೊದಲು ಈ ಸುದ್ದಿಗೆ ಪೇಢೆ ತಂದೆ. ಆಮೇಲೆ ಸ್ವಲ್ಪ ಕಸಿವಿಸಿಯಾಗಿ, "ಅವಂಗೂ ಹೆಂಡ್ತಿ ಮಕ್ಕಳು ಇರ್ತಾರಲ್ರಿ ಕಾಕು" ಎಂದೆ.

"ನನ್ನ ಗಂಡನ್ನ ಹಿಡದಿಟ್ಟವನಿಗೂ ಇದ್ರು" ಎಂದು ಕಾಕು ಎರಡನೆಯ ಪೇಢೆ ತೆಗೆದುಕೊಂಡರು.

ಹೋದ ವರ್ಷ ಅವರಿಗೆ ನ್ಯುಮೋನಿಯಾ ಆಯಿತು. ಬೇರೊಂದು ಆಸ್ಪತ್ರೆ. ಐದನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು. ತಳೇಗಾಂವದ ಹೊಸ ಮನೆಯಿಂದ ನಾನು ಲೋಕಲ್ ರೈಲು ಹಿಡಿದು ಬಂದಾಗ ಕಾಕುವಿನ ತಮ್ಮನ ಮಗಳು ಬಿಲ್ಲಿನ ಕಿಟಕಿಯ ಮುಂದೆ ಅಳುತ್ತ ನಿಂತಿದ್ದಳು. ವಿಮೆಯ ಮಂಜೂರಿ ಬಂದಿಲ್ಲ, ಅದು ಬರುವತನಕ ದೇಹ ಕೊಡುವುದಿಲ್ಲ, ಬೇಗ ಬೇಕಿದ್ದರೆ ಈ ಫಾರ್ಮಿಗೆ ಸಹಿ ಹಾಕಿ ಎಂದಿದ್ದರು. ಪೆನ್ನು ಅವಳ ಕೈಯಲ್ಲಿತ್ತು.

ಅದನ್ನು ಕಸಿದುಕೊಂಡೆ. ಅವಳು ಹಾಸಿಗೆಯ ಪಕ್ಕದಿಂದ ತಂದಿದ್ದ ಕಾಕುವಿನ ಚೀಲದಲ್ಲಿ ಕಾರ್ಬನ್ ಇತ್ತು, ಇರಲೇಬೇಕಿತ್ತು. ಎಷ್ಟು ಹೊತ್ತಿಗೆ ತೀರಿಕೊಂಡರು, ಎಷ್ಟು ಹೊತ್ತಿಗೆ ದೇಹ ಕೇಳಿದೆವು, ಯಾರು ಯಾವ ಕಾರಣಕ್ಕೆ ಕೊಡಲಿಲ್ಲ, ಎಲ್ಲ ಬರೆದೆ. ಅಕ್ಷರ ಕೆಟ್ಟದಾಗಿತ್ತು. ಎದ್ದು ನಿಂತು, ಸರದಿಯ ಕಡೆ ತಿರುಗಿ, ಗಟ್ಟಿಯಾಗಿ ಓದತೊಡಗಿದೆ. ಎರಡನೆಯ ಪುಟಕ್ಕೆ ಬರುವ ಮೊದಲೇ ಗಾಜಿನ ಹಿಂದಿನವನು ಎದ್ದು, ಒಯ್ಯಿರಿ ಎಂದ.

ಕಾಕುವಿನ ಗಂಡನನ್ನು ಬೆಳಗಿನಿಂದ ಸಂಜೆಯತನಕ ಹಿಡಿದಿಟ್ಟಿದ್ದರು. ಕಾಕುವನ್ನು, ನಾನು ಬಂದ ಮೇಲೆ, ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವನ್ನೂ ಮೂರೂ ಪ್ರತಿಯ ಮೇಲೆ ಬರೆದು, ಶಿಕ್ಕಾ ಹಾಕಿಸಿಕೊಂಡೇ ಅವರನ್ನು ಮನೆಗೆ ಕರೆದುಕೊಂಡು ಬಂದೆ.