ತಾತನ ಉಸ್ತ್ರ, ಅಜ್ಜಿಯ ಕೈ

ಮೊನ್ನೆ ಮಕ್ತಲ್ ಬಸ್ ನಿಲ್ದಾಣದಲ್ಲಿ ರಾಯಚೂರು ಬಸ್ಸಿಗೆ ಕಾಯುತ್ತ ನಿಂತಿದ್ದೆ. ಗೋಡೆಯ ನೆರಳಿನಲ್ಲಿ ಕೂತು ಚಪ್ಪಲಿ ಹೊಲಿಯುವ ಮುದುಕರೊಬ್ಬರು ತಮ್ಮ ಚಾಕುವನ್ನು ಒಂದು ತುಂಡು ತೊಗಲಿನ ಮೇಲೆ ಎಳೆಯುತ್ತಿದ್ದರು. ಹೋಗುವಾಗ ಒಂದು ಸದ್ದು, ಬರುವಾಗ ಅದಕ್ಕಿಂತ ತುಸು ಮೆದುವಾದ ಇನ್ನೊಂದು ಸದ್ದು. ಬಸ್ಸು ಬಂತು, ಜನ ನುಗ್ಗಿ ಹತ್ತಿದರು, ನಾನು ಅಲ್ಲೇ ಉಳಿದೆ. ಮೂವತ್ತೈದು ವರ್ಷಗಳ ಹಿಂದೆ ಇದೇ ಊರಿನಲ್ಲಿ, ಆ ನಿಲ್ದಾಣದಿಂದ ಕೂಗಳತೆ ದೂರದ ಒಂದು ಮನೆಯಲ್ಲಿ, ನನಗೆ ದಿನಾ ಎಚ್ಚರವಾಗುತ್ತಿದ್ದುದು ಈ ಸದ್ದಿಗೇ. ನಿಮ್ಮ ಮನೆಯಲ್ಲೂ ಇಂಥದೊಂದು ಸದ್ದು ಇದ್ದಿರಬೇಕು. ಕೇಳುತ್ತಿದ್ದಾಗ ಅದನ್ನು ಕೇಳಿದ್ದೇವೆಂದೇ ನಮಗೆ ಗೊತ್ತಿರುವುದಿಲ್ಲ.

ಅದು ನನ್ನ ತಾಯಿಯ ಅಪ್ಪನ ಮನೆ. ನನ್ನ ಅಪ್ಪ ಅವ್ವ ವರ್ಷದ ಎಂಟು ತಿಂಗಳು ಕಟ್ಟಡದ ಕೆಲಸಕ್ಕೆಂದು ಪುಣೆಯ ಕಡೆ ಹೋಗುತ್ತಿದ್ದರು. ಓದು ಕೆಡಬಾರದೆಂದು ನನ್ನನ್ನು ಇಲ್ಲಿ ಬಿಟ್ಟಿದ್ದರು. ತಾತ ಕುರಿಗಾರರ ಮನೆತನದವರು, ಬೀರಪ್ಪನ ಒಕ್ಕಲು. ಹುಡುಗನಾಗಿದ್ದಾಗ ಮಾಗನೂರಿನ ಕಡೆ ಹೊಳೆದಂಡೆಯಲ್ಲಿ ಕುರಿ ಕಾದಿದ್ದರು, ಉಣ್ಣೆ ಕತ್ತರಿಸಿದ್ದರು. ಆಮೇಲೆ ತಹಸೀಲು ಕಚೇರಿಯಲ್ಲಿ ಚಪ್ರಾಸಿಯಾಗಿ ಸೇರಿದರು. ಸೇರಿದ ದಿನ ಅಲ್ಲಿನ ಸಾಹೇಬರು ಇವರ ಗಡ್ಡ ನೋಡಿ, ಕಚೇರಿಯ ಬಾಗಿಲಲ್ಲಿ ಮೊದಲು ಕಾಣುವುದು ನಿನ್ನ ಮುಖ, ಅದು ಚೊಕ್ಕಟವಾಗಿರಬೇಕು ಎಂದರಂತೆ. ವರ್ಗವಾಗಿ ಹೋಗುವಾಗ ತಮ್ಮದೇ ಕ್ಷೌರದ ಕತ್ತಿಯನ್ನು ತಾತನ ಕೈಗಿತ್ತರು. ನಮ್ಮ ಕಡೆ ಅದಕ್ಕೆ ಉಸ್ತ್ರ ಎನ್ನುತ್ತಾರೆ. ಕಪ್ಪು ಕೊಂಬಿನ ಹಿಡಿ, ಅದರೊಳಗೆ ಮಡಚಿಕೊಳ್ಳುವ ಅಲಗು. ದಿನಾ ನಸುಕಿನಲ್ಲಿ ತಾತ ಪಡಸಾಲೆಯ ಕಂಬಕ್ಕೆ ತೂಗಿದ ತೊಗಲಿನ ಪಟ್ಟಿಯ ಮೇಲೆ ಅದನ್ನು ಎಳೆದು, ಸಣ್ಣ ಕನ್ನಡಿಯೆದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಒದ್ದೆ ಸಾಬೂನಿನ ವಾಸನೆ, ಒಲೆಯಲ್ಲಿ ಉರಿಯುವ ತೊಗರಿ ಕಟ್ಟಿಗೆಯ ಹೊಗೆ, ಅಜ್ಜಿ ತಟ್ಟುವ ಜೋಳದ ರೊಟ್ಟಿಯ ಬಿಸಿ, ಎಲ್ಲ ಕೂಡಿ ಬೆಳಗಾಗುತ್ತಿತ್ತು. ಆ ಹೊತ್ತಿನಲ್ಲಿ ಯಾರೂ ತಾತನನ್ನು ಮಾತಾಡಿಸುತ್ತಿರಲಿಲ್ಲ. ಕೆರೆದು ಮುಗಿಸಿ ಗಲ್ಲದ ಮೇಲೆ ಕೈಯಾಡಿಸಿಕೊಂಡು ಅವರು "ಹೂಂ" ಎಂದ ಮೇಲೆಯೇ ಮನೆಗೆ ಮಾತು ಬರುತ್ತಿತ್ತು.

ತಾತನ ಒಬ್ಬನೇ ಮಗ, ನನ್ನ ಮಲ್ಲಪ್ಪ ಮಾವ, ಗದ್ವಾಲದಲ್ಲಿ ಕೋಟೆಯ ಹತ್ತಿರ ಫ್ಯಾನ್ಸಿ ಅಂಗಡಿ ಇಟ್ಟಿದ್ದ. ಬಳೆ, ರಿಬ್ಬನ್ನು, ಸಾಬೂನು, ಹಣಿಗೆ. ಸರ್ಕಾರಿ ಕೆಲಸಕ್ಕೆ ಸೇರಲಿಲ್ಲವೆಂದು ತಾತನಿಗೆ ಅವನ ಮೇಲೆ ಒಳಗೊಳಗೇ ಸಿಟ್ಟು. ಒಂದು ಅಮಾವಾಸ್ಯೆಗೆ ಊರಿಗೆ ಬಂದವನು ನೀಲಿ ಪ್ಲಾಸ್ಟಿಕ್ಕಿನ ರೇಜರುಗಳ ಪೊಟ್ಟಣ ತಂದು ತಾತನ ಮುಂದಿಟ್ಟ. "ಎರಡು ಮೂರು ಸಲ ಮಾಡ್ಕೊಂಡು ಬಿಸಾಕೋದಪ್ಪ. ಮಸೆಯೋದು ಬ್ಯಾಡ, ಏನೂ ಬ್ಯಾಡ. ಈಗ ಎಲ್ಲಾರೂ ಇದನ್ನs ಒಯ್ತಾರ."

ತಾತ ಒಂದನ್ನು ಎತ್ತಿ, ತೂಕವೇ ಇಲ್ಲದ್ದನ್ನು ತೂಗಿ ನೋಡುವವರಂತೆ ನೋಡಿದರು. "ಬಿಸಾಕೋದನ್ನ ರೊಕ್ಕಾ ಕೊಟ್ಟು ತಗೋಬೇಕೇನು? ನಂದು ಒಂದs ಉಸ್ತ್ರ, ಜಿಂದಗಿ ಪೂರಾ."

ಮಾವ ಸುಮ್ಮನಿರಲಿಲ್ಲ. ತೊಗಲಿನ ಪಟ್ಟಿ ಸವೆಯುವುದಿಲ್ಲವೇ, ಮಸೆಯುವ ಕಲ್ಲು ಪುಗಸಟ್ಟೆ ಬಂತೇ ಎಂದ. ಮಾತಿಗೆ ಮಾತು ಬೆಳೆದು ಕೊನೆಗೆ ನನ್ನ ಪಾಟಿ ಬಳಪ ಹೊರಗೆ ಬಂದವು. ನಾನು ಐದನೇ ಇಯತ್ತೆ, ಲೆಕ್ಕದಲ್ಲಿ ಗಟ್ಟಿ. ಒಂದು ಬದಿಗೆ ಉಸ್ತ್ರದ ಖರ್ಚು, ಇನ್ನೊಂದು ಬದಿಗೆ ಪ್ಲಾಸ್ಟಿಕ್ಕಿನದು, ಇಪ್ಪತ್ತು ವರ್ಷಕ್ಕೆ ಎಷ್ಟಾಗುತ್ತದೆಂದು ಇಬ್ಬರೂ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಕೂಡಿಸಿದಾಗ ಗೆದ್ದದ್ದು ತಾತನೇ, ಅದೂ ದೊಡ್ಡ ಅಂತರದಿಂದ. ಅವರು ಮೀಸೆಯೊಳಗೇ ನಗುತ್ತಿದ್ದಾಗ ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತಳು.

"ದಿನಾ ನಸುಕಿನ್ಯಾಗ ಎದ್ದು ನೀರು ಕಾಸಿ ಕೊಡಾಕಿ ನಾನು. ಕಟಿಗಿ ಆರಿಸಿ ತರಾಕಿ ನಾನು. ಅದು ನಿಮ್ಮ ಲೆಕ್ಕದಾಗ ಎಲ್ಲೈತ್ರಿ?"

ಇಬ್ಬರೂ ಪಾಟಿಯನ್ನು ನೋಡಿದರು. ಅದನ್ನು ಯಾವ ಬದಿಗೆ ಬರೆಯಬೇಕೆಂದು ನಾನು ಕೇಳಿದೆ. ಅಜ್ಜಿಯೇ ಸೆರಗಿನಿಂದ ಪಾಟಿ ಒರೆಸಿ, ಊಟಕ್ಕೆ ಏಳಿರಿ ಎಂದಳು. ಮಾವ ಪೊಟ್ಟಣವನ್ನು ಗೋಡೆಯ ಗೂಡಿನಲ್ಲಿ ಬಿಟ್ಟು ಹೋದ. ತಾತ ಅದನ್ನು ಮುಟ್ಟಲಿಲ್ಲ.

ಎರಡು ವರ್ಷ ಕಳೆದಿರಬಹುದು. ಒಂದು ಮುಂಜಾನೆ ಕನ್ನಡಿಯೆದುರು ಕೂತಿದ್ದ ತಾತ ಹಾಗೇ ಪಕ್ಕಕ್ಕೆ ವಾಲಿದರು. ಲಕ್ವ ಹೊಡೆದಿತ್ತು. ರಾಯಚೂರಿನ ಆಸ್ಪತ್ರೆಯಿಂದ ಹದಿನೈದು ದಿನದ ಮೇಲೆ ಮನೆಗೆ ಬಂದಾಗ ಬಲಗೈ ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ಮಾತು ತೊದಲುತ್ತಿತ್ತು. ಮುಖದ ತುಂಬ ಬಿಳಿ ಗಡ್ಡ. ಅವರು ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟರು. ಕಚೇರಿಯ ಹಳೆಯ ಗೆಳೆಯರು ನೋಡಲು ಬಂದರೆ ಟವೆಲ್ಲನ್ನು ಎಡಗೈಯಿಂದ ಗಲ್ಲಕ್ಕೆ ಒತ್ತಿ ಹಿಡಿದು ಗೋಡೆಯ ಕಡೆ ಹೊರಳುತ್ತಿದ್ದರು. ಕ್ಷೌರದವರನ್ನು ಕರೆಸುತ್ತೇವೆಂದರೆ ತಲೆಯಾಡಿಸಿ ಬೇಡವೆನ್ನುತ್ತಿದ್ದರು. ಮಾವ ಗದ್ವಾಲದಿಂದ ಓಡಿ ಬಂದು, ನೀರು ಸಾಬೂನು ತಂದಿಟ್ಟುಕೊಂಡು, ನೀಲಿ ರೇಜರು ಹಿಡಿದು ಮುಂದೆ ಕೂತ. ತಾತ ಬಾಯಿ ಬಿಗಿದು ಮುಖ ತಿರುಗಿಸಿದರು. ಮಾವ ಇನ್ನೊಂದು ಬದಿಗೆ ಹೋಗಿ ಕೂತ. ತಾತ ಮತ್ತೆ ತಿರುಗಿದರು.

"ನಾ ಮಾರೋ ಸಾಮಾನು ಹಗುರ ಇರಬೌದಪ್ಪ," ಎಂದ ಮಾವ. "ನನ್ನ ಕೈನೂ ಬ್ಯಾಡೇನು ನಿನಗ?" ತಾತ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡರು. ಸಂಜೆಯ ಬಸ್ಸಿಗೆ ಅವನು ಹೊರಟುಹೋದ. ಬೀದಿಯ ತಿರುವಿನಲ್ಲಿ ಅವನು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಸೋರೆಕಾಯಿ ಪಲ್ಯ. ನಾಲ್ಕನೇ ದಿನ ತಾತನೇ ತಟ್ಟೆ ನೋಡಿ ತೊದಲುತ್ತ, "ಮತ್ತs ಸೋರೆಕಾಯಿ?" ಎಂದರು. ಕಾರಣ ನನಗೆ ಮರುದಿನ ತಿಳಿಯಿತು. ಶನಿವಾರ ಮಧ್ಯಾಹ್ನ ಶಾಲೆಯಿಂದ ಬೇಗ ಬಂದೆ. ತಾತ ನಿದ್ದೆಯಲ್ಲಿದ್ದರು. ಹಿತ್ತಲಿನಲ್ಲಿ ಅಜ್ಜಿ ಒಂದು ಎಳೆಯ ಸೋರೆಕಾಯಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಅದಕ್ಕೆ ಸಾಬೂನು ಹಚ್ಚಿ, ಉಸ್ತ್ರದಿಂದ ಕೆರೆಯುತ್ತಿದ್ದಳು. ಎಳೆ ಸೋರೆಕಾಯಿಯ ಮೈಮೇಲೆ ಸಣ್ಣ ನವಿರು ಇರುತ್ತದಲ್ಲ, ಅದು ಮಾತ್ರ ಹೋಗಬೇಕು, ಸಿಪ್ಪೆಗೆ ಗೀರು ಬೀಳಬಾರದು. ಪಕ್ಕದಲ್ಲಿ ಗೀರು ಬಿದ್ದ ಮತ್ತೊಂದು ಕಾಯಿ ಇತ್ತು. ನಲವತ್ತು ವರ್ಷ ಆ ಕತ್ತಿಗೆ ನೀರು ಕಾಸಿಕೊಟ್ಟವಳು ಅದನ್ನು ಕೈಯಲ್ಲಿ ಹಿಡಿದದ್ದು ಆ ವಾರವೇ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು.

ಸೋಮವಾರ ಬೆಳಿಗ್ಗೆ ಅವಳು ಕಂಬದ ಪಟ್ಟಿಯ ಮೇಲೆ ಉಸ್ತ್ರ ಎಳೆದಳು. ತಾತ ಕಣ್ಣು ಬಿಟ್ಟರು. ಅವಳು ಬಂದು ಎದುರಿಗೆ ಕೂತು, ಸಾಬೂನು ಹಚ್ಚಿ, "ಅಲುಗಬ್ಯಾಡ್ರಿ," ಎಂದಳು. ತಾತ ತುಂಬ ಹೊತ್ತು ಅವಳ ಮುಖವನ್ನೇ ನೋಡಿದರು. ಆಮೇಲೆ ಎಡಗೈಯೆತ್ತಿ ತಮ್ಮ ಗಲ್ಲದ ಚರ್ಮವನ್ನು ತಾವೇ ಬಿಗಿಯಾಗಿ ಎಳೆದು ಹಿಡಿದು, ಕತ್ತಿ ಎಲ್ಲಿಂದ ಇಳಿಯಬೇಕೆಂದು ಕಣ್ಣಿನಿಂದ ತೋರಿಸಿದರು. ಕಿವಿಯ ಕೆಳಗೆ ಒಂದು ಕಡೆ ಗಾಯವಾಗಿ ಕೆಂಪು ಹನಿ ಮೂಡಿತು. ಅಜ್ಜಿ ಕತ್ತಿಯನ್ನು ಹಿಂದಕ್ಕೆ ತೆಗೆದಳು. ತಾತ ಒಂದೊಂದೇ ಅಕ್ಷರ ಜೋಡಿಸಿ ಅಂದರು: "ಕುರಿಗೂ... ಆಗತೈತಿ. ಮುಂದ ಮಾಡು." ಅಜ್ಜಿ ಅಳುತ್ತಲೇ ನಕ್ಕಳು. ಅವತ್ತು ಸಂಜೆ ತಾತ ಕಟ್ಟೆಯ ಮೇಲೆ ಬಂದು ಕೂತರು. ದಾರಿಯಲ್ಲಿ ಹೋಗುವವರ ನಮಸ್ಕಾರಕ್ಕೆ ಎಡಗೈ ಎತ್ತಿದರು.

ಮೂರು ವರ್ಷ ದಿನ ತಪ್ಪದೆ ಹೀಗೆ ನಡೆಯಿತು. ಒಬ್ಬರನ್ನೊಬ್ಬರು ಮುಟ್ಟುವುದನ್ನೇ ನಾನು ಕಂಡಿರದ ಆ ಇಬ್ಬರು ದಿನಾ ಅರ್ಧ ತಾಸು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಪುಸ್ತಕ ಹಿಡಿದುಕೊಂಡು ನಾನು ಅವರನ್ನೇ ನೋಡುತ್ತಿದ್ದೆ. ಗಂಡಹೆಂಡಿರ ಪ್ರೀತಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಪಡಸಾಲೆಯಲ್ಲಿ ಕಲಿತದ್ದು. ಆಮೇಲೆ ಅಜ್ಜಿಯ ಕಣ್ಣಿಗೆ ಪೊರೆ ಬಂತು. ಒಂದು ದಿನ ಅವಳು ಉಸ್ತ್ರ ಮಡಚಿಟ್ಟು, "ನನಗ ಸರಿಯಾಗಿ ಕಾಣವಲ್ದು. ಇನ್ನ ನಾ ಮಾಡಂಗಿಲ್ಲ. ಮಲ್ಲನ್ನ ಕರಸ್ತೀನಿ, ಸುಮ್ನ ಕುಂದರಬೇಕು ನೀವು," ಎಂದಳು. ತಾತ ಎಡಗೈಯಿಂದ ಅವಳ ಕಣ್ಣಂಚು ಒರೆಸಿ, "ಹೂಂ," ಎಂದರು.

ಮಾವ ಅವತ್ತಿನಿಂದ ಎರಡು ದಿನಕ್ಕೊಮ್ಮೆ ಗದ್ವಾಲದಿಂದ ಮೊದಲ ಬಸ್ಸಿಗೆ ಬಂದು, ಅಂಗಡಿ ತೆರೆಯುವ ಹೊತ್ತಿಗೆ ತಿರುಗಿ ಹೋಗುತ್ತಿದ್ದ. ಮೊದಲ ದಿನ ಅವನು ನೀಲಿ ರೇಜರು ತೆಗೆದಾಗ ನಾವೆಲ್ಲ ತಾತನ ಕಡೆ ತಿರುಗಿದೆವು. ತಾತ ತಾವೇ ಗದ್ದ ಮೇಲೆತ್ತಿ ಕೊಟ್ಟರು. ಮುಗಿದ ಮೇಲೆ ಅವರ ಎಡಗೈ ತಮ್ಮ ಗಲ್ಲಕ್ಕೆ ಹೋಗಲಿಲ್ಲ. ನಿಧಾನವಾಗಿ ಮುಂದೆ ಬಂದು ಮಾವನ ಗಲ್ಲದ ಮೇಲೆ ನಿಂತಿತು. ಬಸ್ಸಿನ ಅವಸರದಲ್ಲಿ ಅವನ ಗಡ್ಡ ಬೆಳೆದೇ ಇತ್ತು. "ನಿಂದು?" ಎಂದರು ತಾತ. "ನೀರು ಬಿಸಿ ಅದಾವ. ನೀನೂ ಮಾಡ್ಕೊ."

ಮಾವ ಅವರ ಪಕ್ಕದಲ್ಲೇ ಕೂತು, ಅದೇ ಕನ್ನಡಿಯಲ್ಲಿ, ಅದೇ ನೀರಿನಲ್ಲಿ ಮುಖ ಕೆರೆದುಕೊಂಡ. ತಾತ ನೋಡುತ್ತ ಕೂತಿದ್ದರು. ಗಂಟಲ ಹತ್ತಿರ ಒಂದು ಕಡೆ ಉಳಿದಿದೆಯೆಂದು ಬೆರಳು ಮಾಡಿ ತೋರಿಸಿದರು.

ಮುಂದಿನ ಚಳಿಗಾಲದಲ್ಲಿ ತಾತ ಹೋದರು. ಅಜ್ಜಿಯನ್ನು ಮಾವ ಗದ್ವಾಲಕ್ಕೆ ಕರೆದೊಯ್ದು ಕಣ್ಣಿನ ಪೊರೆ ತೆಗೆಸಿದ. ಅವಳು ಇನ್ನೂ ಐದು ವರ್ಷ ಮೊಮ್ಮಕ್ಕಳ ನಡುವೆ ಚೆನ್ನಾಗಿ ಬದುಕಿದಳು. ನಾನು ಮದುವೆಯಾಗಿ ನಾರಾಯಣಪೇಟೆಗೆ ಬಂದೆ. ಮನೆ ಖಾಲಿ ಮಾಡುವಾಗ ಉಸ್ತ್ರಕ್ಕಾಗಿ ಹುಡುಕಿದೆವು, ಸಿಗಲಿಲ್ಲ. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಪ್ಪ ಅವ್ವ ದೂರವಿದ್ದ ಆ ವರ್ಷಗಳನ್ನು ನೆನೆದರೆ ನನಗೆ ಕೊರತೆಯೊಂದೂ ನೆನಪಾಗುವುದಿಲ್ಲ. ಅದಕ್ಕೆ ಯಾರಿಗೆ ಕೈಮುಗಿಯಬೇಕೆಂದು ಗೊತ್ತಿದೆ, ಅವರಿಲ್ಲ, ಅಷ್ಟೇ.

ಹೋದ ತಿಂಗಳು ಗದ್ವಾಲಕ್ಕೆ ಹೋಗಿದ್ದೆ. ಮಾವನಿಗೂ ತಲೆ ಪೂರ್ತಿ ಬೆಳ್ಳಗಾಗಿದೆ. ಮಾತಿಗೆ ಮಾತು ಬಂದು, ಅಷ್ಟು ವರ್ಷ ನಿಮ್ಮನ್ನು ದೂರ ಇಟ್ಟರಲ್ಲ, ತಾತನ ಮೇಲೆ ಬೇಸರವಿಲ್ಲವೇ ಎಂದು ಕೇಳಿಬಿಟ್ಟೆ. ಮಾವ ಗಿರಾಕಿಗೆ ಬಳೆ ಕಟ್ಟಿಕೊಡುತ್ತಿದ್ದ. ಆಕೆ ಹೋದ ಮೇಲೆ ಹೇಳಿದ: "ಒಂದು ವರ್ಷ ಅಪ್ಪನ ಮುಖ ನನ್ನ ಕೈಯಾಗ ಇತ್ತವ್ವ. ನನಗ ಅದs ಭಾಳ ಆತು."