ಕೊಸರಿನ ಪೆಟ್ಟಿಗೆ

ನಾನು ಸೊಸೆಯಾಗಿ ಪಾಮನಕಲ್ಲೂರಿಗೆ ಬಂದಾಗ ನಮ್ಮ ಮಾವನವರಿಗೆ ಯಾವ ಸಾಮಾನಿಗೂ ರೇಟು ಹೇಳಲು ಬರುತ್ತಿರಲಿಲ್ಲ. ಅರವತ್ತರ ಹತ್ತಿರದ ಮನುಷ್ಯ, ಕೆಲಸದಲ್ಲಿ ಊರಿಗೇ ಎತ್ತಿದ ಕೈ. ಆದರೆ ‘ಇದಕ್ಕೆಷ್ಟು?’ ಎಂದು ಯಾರಾದರೂ ಕೇಳಿದರೆ ಹಣೆ ಬೆವರುತ್ತಿತ್ತು. ತಪ್ಪು ಅವರದಲ್ಲ. ನಮ್ಮದು ಆಯದ ಬಡಿಗರ ಮನೆ. ರೈತರ ಕುಂಟೆ, ಕೂರಿಗೆ, ನೊಗ, ಬಂಡಿ, ಯಾವುದು ಮುರಿದರೂ ವರ್ಷವಿಡೀ ಸರಿಮಾಡಿ ಕೊಡುವುದು, ಸುಗ್ಗಿಯಲ್ಲಿ ಅವರ ಕಣಕ್ಕೆ ಹೋಗಿ ನಮ್ಮ ಪಾಲಿನ ಜೋಳ ಹೊತ್ತು ತರುವುದು. ಇಂಥ ಕೆಲಸಕ್ಕೆ ಇಷ್ಟು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದೇ ಇಲ್ಲ.

ಜೋಳಕ್ಕೆ ಕೊರತೆ ಇರಲಿಲ್ಲ, ರೊಕ್ಕಕ್ಕಿತ್ತು. ಜೋಳ ಅಳೆಸಿಕೊಂಡು ಸೀರೆ ಕೊಡುವ ಕಾಲ ಮುಗಿಯುತ್ತ ಬಂದಿತ್ತು. ಬಟ್ಟೆ ಅಂಗಡಿಯವನಿಗೆ ನಿಜಾಮರ ಹಾಲಿ ಸಿಕ್ಕಾ ರೂಪಾಯಿಯೇ ಬೇಕು. ಅದಕ್ಕೆ ಮಾವ ಬೇಸಿಗೆಯಲ್ಲಿ, ಹೊಲದ ಕೆಲಸ ಕಡಿಮೆಯಾದಾಗ, ಬೇವಿನ ಹಲಗೆಯ ಪೆಟ್ಟಿಗೆ ಮಾಡಿ ಮಸ್ಕಿ ಸಂತೆಯಲ್ಲಿ ಮಾರಲು ಶುರು ಮಾಡಿದ್ದರು. ಬೇವಿನ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಹುಳ ಹತ್ತುವುದಿಲ್ಲ. ಗಿರಾಕಿಗೆ ಅವರು ಹೇಳುತ್ತಿದ್ದುದು ಅದೊಂದೇ ಮಾತು, ಅದನ್ನೂ ಗಿರಾಕಿ ಎದ್ದು ಹೊರಟ ಮೇಲೆ.

ರೇಟು ಕಟ್ಟುವ ಪಂಚಾಯಿತಿ ಸಂತೆಯ ಮುಂಜಾನೆ ಬಂಡಿ ಹೂಡುವಾಗ ನಡೆಯುತ್ತಿತ್ತು. ನನ್ನ ಗಂಡ ಹಲಗೆ ಎಷ್ಟು, ಮೊಳೆ ಎಷ್ಟು, ದಿನ ಎಷ್ಟು ಎಂದು ಬೆರಳು ಮಡಿಚುತ್ತಿದ್ದರು. ಬಡಿಗ ಹೊರಗೆ ಕೂಲಿಗೆ ಹೋದರೆ ದಿನಕ್ಕೆ ಎಂಟಾಣೆ, ಆ ಲೆಕ್ಕದಲ್ಲಿ ನಾಲ್ಕು ರೂಪಾಯಿಗೆ ಕಡಿಮೆ ಬೇಡ ಎನ್ನುವುದು ಅವರ ವಾದ. ಅತ್ತೆಯ ಲೆಕ್ಕ ಅಡುಗೆಮನೆಯಿಂದ ಬರುತ್ತಿತ್ತು. ಬೆಲ್ಲ ಮುಗಿದ ವಾರ ಪೆಟ್ಟಿಗೆ ತುಟ್ಟಿ, ಬೆಲ್ಲವಿದ್ದ ವಾರ ಸೋವಿ. ಮಾವ ಇಬ್ಬರಿಗೂ ಹೂಂ ಅಂದು, ಸಂತೆಗೆ ಹೋಗಿ ಗಿರಾಕಿಯ ಕಾಲು ನೋಡುತ್ತಿದ್ದರು. ಹೊಸ ಚಪ್ಪಲಿಯಾದರೆ ಐದು, ಹಳೆಯದಾದರೆ ನಾಲ್ಕು, ಬರಿಗಾಲಾದರೆ ‘ನೀವ ತಿಳದು ಕೊಡ್ರಿ’. ಹೀಗೆ ತಿಳಿದು ಕೊಟ್ಟವರು ಯಾರೂ ಮೂರರ ಹತ್ತಿರವೂ ಸುಳಿಯಲಿಲ್ಲ.

ಒಮ್ಮೆ ಅವರಿಗೊಂದು ಉಪಾಯ ಹೊಳೆಯಿತು. ದನದ ದಲ್ಲಾಳಿಗಳು ಹೆಗಲ ಮೇಲಿನ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿದ್ದರಲ್ಲ, ಬಾಯಿಬಿಟ್ಟು ರೇಟು ಹೇಳುವ ಕಷ್ಟ ತಪ್ಪಿತು ಎಂದುಕೊಂಡು ಒಬ್ಬ ಗಿರಾಕಿಯ ಕೈಮೇಲೆ ವಲ್ಲಿ ಹೊದಿಸಿ ನಾಲ್ಕು ಬೆರಳು ಅದುಮಿಯೇಬಿಟ್ಟರು. ಅವನು ಲಿಂಗಸುಗೂರು ಕಡೆಯಿಂದ ಬಂದಿದ್ದ ಕಚೇರಿ ಗುಮಾಸ್ತ. ಹೌಹಾರಿ ಕೈ ಕಿತ್ತುಕೊಂಡ ರಭಸಕ್ಕೆ ಹಿಂದಿದ್ದ ಮೆಣಸಿನಕಾಯಿ ರಾಶಿಯ ಮೇಲೆ ಕೂತ. ಆ ದಿನ ಪೆಟ್ಟಿಗೆ ಮಾರಾಟವಾಗಲಿಲ್ಲ, ಮೆಣಸಿನಕಾಯಿಯವಳಿಗೆ ಒಂದಾಣೆ ನಾವೇ ಕೊಟ್ಟು ಬಂದೆವು.

ಇದನ್ನೆಲ್ಲ ನಾನು ಕಣ್ಣಾರೆ ನೋಡಿದವಳು. ಮಾವನಿಗೆ ತಾಸಿಗೊಮ್ಮೆ ಚಹಾ ಬೇಕು, ಅವರು ಎದ್ದು ಹೋದಾಗ ಪೆಟ್ಟಿಗೆ ಕಾಯಲು ಒಬ್ಬರು ಬೇಕು, ಗಂಡನಿಗೆ ಊರಲ್ಲಿ ರಿಪೇರಿ ಕೆಲಸ. ಹಾಗಾಗಿ ತಲೆಮೇಲೆ ಸೆರಗು ಹೊದ್ದು ಹಿಂದೆ ಕೂರುವುದು ನನ್ನ ಪಾಲಿಗೆ ಬಂತು. ನಮ್ಮಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವಂತಿಲ್ಲ. ಮನೆಯಲ್ಲಾದರೆ ಅತ್ತೆಯ ಮುಖಾಂತರ ಹೇಳಿಸಬೇಕು. ಸಂತೆಯಲ್ಲಿ ಅತ್ತೆಯನ್ನು ಎಲ್ಲಿಂದ ತರುವುದು? ನಾನು ಪೆಟ್ಟಿಗೆಯ ಜೊತೆ ಮಾತಾಡುತ್ತಿದ್ದೆ. ‘ಏ ಪೆಟಿಗಿ, ಆ ಮುದುಕ ಮೂರಕ್ಕ ಕೇಳಾಕತ್ತಾನ, ಕೊಡಬ್ಯಾಡ’ ಎಂದರೆ ಮಾವ ಕೇಳಿಸಿಕೊಳ್ಳುತ್ತಿದ್ದರು. ಅವರೂ ಪೆಟ್ಟಿಗೆಗೇ ಉತ್ತರ ಕೊಡುತ್ತಿದ್ದರು. ನಮ್ಮ ಸುತ್ತ ಕೂತವರಿಗೆ ಇದು ರೂಢಿಯಾಗಿತ್ತು. ಹೊಸಬರು ಮಾತ್ರ ಒಮ್ಮೊಮ್ಮೆ ನಿಂತು ನೋಡುತ್ತಿದ್ದರು.

ಇನ್ನು ನನ್ನ ಕೆಲಸದ ವಿಷಯ. ನನ್ನ ತವರು ಬಳಗಾನೂರು, ಅಪ್ಪನೂ ಬಡಿಗ. ಮನೆಯಲ್ಲಿ ಗಂಡು ಮಕ್ಕಳಿರಲಿಲ್ಲವಾದ್ದರಿಂದ ಗರಗಸದ ಆಚೆ ತುದಿ ಹಿಡಿಯುವವಳು ನಾನೇ. ಹಿಡಿಯುತ್ತ ಹಿಡಿಯುತ್ತ ಉಳಿ ಹಾಕುವುದೂ ಬಂತು. ಗಂಡನ ಮನೆಯಲ್ಲಿ ಬೇರೆ ಕಟ್ಟಳೆ. ಬಾಚಿ, ಉಳಿ ಪೂಜೆಯ ಸಾಮಾನು, ಹೆಂಗಸರು ಮುಟ್ಟುವಂತಿಲ್ಲ. ನಾನು ತವರಿನಿಂದ ಸೀರೆಯ ಮಡಿಕೆಯಲ್ಲಿ ಒಂದು ಸವೆದ ಉಳಿ ತಂದಿದ್ದೆ. ಮಧ್ಯಾಹ್ನ ಗಂಡಸರು ಹೊರಗೆ ಹೋದಾಗ, ಪೆಟ್ಟಿಗೆಯ ಹಲಗೆ ಕೊಯ್ದು ಉಳಿದ ತುಂಡುಗಳಲ್ಲಿ ಅಂಗೈ ಅಗಲದ ಸಣ್ಣ ಪೆಟ್ಟಿಗೆ ಮಾಡುತ್ತಿದ್ದೆ. ಮೊಳೆ ಇಲ್ಲ, ಹಲ್ಲಿಗೆ ಹಲ್ಲು ಕೂಡಿಸಿದ ಮೂಲೆ, ಅಂಚಿಗೆ ಕೊರೆದ ಗೀರಿನಲ್ಲಿ ಜಾರಿ ಕೂರುವ ಮುಚ್ಚಳ. ಅತ್ತೆ ನೋಡಿಯೂ ನೋಡದಂತೆ ಜೋಳ ಕೇರುತ್ತಿದ್ದರು. ಅವರ ಬಾಯಿಗೆ ನಾನು ಬೀಗ ಹಾಕಿದ್ದು ಮೊದಲ ಪೆಟ್ಟಿಗೆಯನ್ನು ಅವರ ಕುಂಕುಮಕ್ಕೆ ಕೊಟ್ಟು. ಎರಡನೆಯದು ಮಾವನ ತಂಬಾಕಿಗೆ ಹೋಯಿತು. ಅವರು ಮುಚ್ಚಳವನ್ನು ಮೂರು ಸಲ ಹಿಂದೆ ಮುಂದೆ ಜಾರಿಸಿದರು, ತಂಬಾಕು ತುಂಬಿ ಅಂಗಿಯ ಜೇಬಿಗಿಟ್ಟರು.

ಈ ತಂಬಾಕಿನ ಪೆಟ್ಟಿಗೆಯೇ ನನ್ನನ್ನು ಕಷ್ಟಕ್ಕೆ ಹಾಕಿದ್ದು. ನಮ್ಮ ಸಂತೆಗಳಲ್ಲಿ ಕೊಸರು ಇಲ್ಲದೆ ವ್ಯಾಪಾರ ಮುಗಿಯುವುದಿಲ್ಲ. ಸೇರು ಕಾಳು ಕೊಂಡರೆ ಮೇಲೊಂದು ಹಿಡಿ, ಕಟ್ಟು ಸೊಪ್ಪು ಕೊಂಡರೆ ಮೇಲೆರಡು ಕಡ್ಡಿ. ಅದಕ್ಕೆ ಬೆಲೆ ಕಟ್ಟುವಂತಿಲ್ಲ, ಕೊಟ್ಟ ಮೇಲೆ ತಿರುಗಿ ಕೇಳುವಂತಿಲ್ಲ. ಗುರುಗುಂಟಾದ ಒಬ್ಬ ರೈತ ನಾಲ್ಕು ರೂಪಾಯಿ ಎಣಿಸಿ ಕೊಟ್ಟು, ಪೆಟ್ಟಿಗೆಯ ಮೇಲೆ ಕೈ ಇಟ್ಟು, ಕೊಸರು ಎಂದು ನಿಂತ. ಪೆಟ್ಟಿಗೆಗೆ ಏನು ಕೊಸರು ಕೊಡುವುದು? ಒಂದು ಹಿಡಿ ಮೊಳೆಯೇ? ಮಾವ ತಡಬಡಿಸಿ, ಜೇಬಿನ ತಂಬಾಕನ್ನು ವಲ್ಲಿಯ ತುದಿಗೆ ಸುರಿದು, ನನ್ನ ಪೆಟ್ಟಿಗೆಯನ್ನು ಅವನ ಕೈಗಿಟ್ಟರು. ಆ ದಿನ ಸುದ್ದಿ ಹಬ್ಬಿತು. ಬಡಿಗರ ಪೆಟ್ಟಿಗೆ ಕೊಂಡರೆ ಮೇಲೊಂದು ಮರಿಪೆಟ್ಟಿಗೆ. ಮುಂದಿನ ಸಂತೆಗೆ ಎರಡು ಪೆಟ್ಟಿಗೆ ಒಂದೇ ಬೆಳಗಿನಲ್ಲಿ ಹೋದವು, ನಾಲ್ಕು ರೂಪಾಯಿಯಂತೆ, ಚಪ್ಪಲಿ ನೋಡುವ ಕೆಲಸವೇ ಇಲ್ಲದೆ.

ಮನೆಯಲ್ಲಿ ಎಲ್ಲರಿಗೂ ಖುಷಿ. ಅತ್ತೆಗೆ ಬೆಲ್ಲ ಬಂತು, ಗಂಡನಿಗೆ ಹೊಸ ಗರಗಸ ಬಂತು. ನನಗೆ ಉಳಿ ಹಿಡಿಯಲು ಬಾಯಿಬಿಟ್ಟು ಹೇಳದ ಪರವಾನಗಿ ಬಂತು. ಮೊದಲು ನಾನೂ ಹಿಗ್ಗಿದೆ. ಆಮೇಲೆ ಹಿಗ್ಗು ಇಳಿಯುತ್ತ ಬಂತು. ಗಿರಾಕಿಗಳು ದೊಡ್ಡ ಪೆಟ್ಟಿಗೆಯನ್ನು ಒಮ್ಮೆ ಬಡಿದು ನೋಡಿ ಬಿಟ್ಟು, ಸಣ್ಣದನ್ನೇ ಹೊರಳಿಸಿ ಹೊರಳಿಸಿ ನೋಡುತ್ತಿದ್ದರು. ಇದನ್ನು ಮಾಡಿದವರು ಯಾರು ಎಂದು ಕೇಳಿದರೆ ಮಾವನದು ಒಂದೇ ಉತ್ತರ: ‘ತುಂಡಿನ್ಯಾಗ ಆಗ್ಯಾವ.’ ಆಗ್ಯಾವಂತೆ! ಮಳೆ ಬಿದ್ದ ಮೇಲೆ ಹುಲ್ಲು ಹುಟ್ಟಿದ ಹಾಗೆ ತಾವಾಗಿಯೇ ಆಗಿದ್ದವು. ಸೆರಗಿನೊಳಗೆ ನನ್ನ ಬೆರಳಿನ ಬೊಬ್ಬೆಗಳು ಉರಿಯುತ್ತಿದ್ದವು, ಅದಕ್ಕಿಂತ ಹೊಟ್ಟೆ ಹೆಚ್ಚು ಉರಿಯುತ್ತಿತ್ತು.

ನನಗೆ ರೊಕ್ಕ ಬೇಕಿರಲಿಲ್ಲ. ರೊಕ್ಕ ಹೇಗಿದ್ದರೂ ಅತ್ತೆಯ ಗಡಿಗೆಗೇ ಹೋಗುವುದು. ನನ್ನ ಕೈಕೆಲಸಕ್ಕೆ ಇಷ್ಟು ಎಂದು ಒಂದು ಸಲ, ಒಂದೇ ಒಂದು ಸಲ, ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಸಣ್ಣ ಪೆಟ್ಟಿಗೆಯನ್ನು ಬೇರೆಯಾಗಿ ರೇಟು ಹಚ್ಚಿ ಮಾರಬೇಕೆಂದು ಅತ್ತೆಯ ಮುಖಾಂತರ ಹೇಳಿಸಿದೆ. ಕೊಸರಿಗೆ ರೇಟು ಹಚ್ಚಿದವರನ್ನು ಎಲ್ಲಾದರೂ ಕಂಡಿದ್ದೀಯಾ ಎಂದು ಮಾವ ಅತ್ತೆಯನ್ನು ಕೇಳಿದರು. ಒಂದು ಅಡ್ಡ ಗೋಡೆಯಾಚೆ ನಿಂತಿದ್ದ ನನಗೆ ಉತ್ತರವನ್ನು ಮತ್ತೆ ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ನನ್ನ ಸಿಟ್ಟು ಸಣ್ಣದಲ್ಲ. ಮುಂದಿನ ಸಂತೆಗೆ ಸಣ್ಣ ಪೆಟ್ಟಿಗೆಗಳನ್ನು ಕಟ್ಟಿಕೊಳ್ಳುವುದನ್ನು ಮರೆತೆ. ಮರೆತೆ ಎಂದು ಹೇಳಿದೆ, ಅಷ್ಟೇ. ಮೂರು ಪೆಟ್ಟಿಗೆ ಇಳಿಸಿದೆವು, ಸಂಜೆಗೆ ಮೂರನ್ನೂ ಏರಿಸಿದೆವು. ಗಿರಾಕಿಗಳು ಕೊಸರು ಕೇಳುವುದು, ಇಲ್ಲವೆಂದರೆ ನಗುತ್ತ ಎದ್ದು ಹೋಗುವುದು. ಮಾವ ಆ ದಿನ ಚಹಾಕ್ಕೂ ಏಳಲಿಲ್ಲ. ವಾಪಸು ಬರುವಾಗ ಬಂಡಿಯಲ್ಲಿ ಅವರ ಬೆನ್ನು ನೋಡುತ್ತ ನನಗೆ ಗೆದ್ದೆನೆಂಬ ಖುಷಿಯೂ ಆಯಿತು, ತಪ್ಪು ಮಾಡಿದೆನೆಂಬ ಸಂಕಟವೂ ಆಯಿತು. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅದರ ಮುಂದಿನ ಸಂತೆಯಲ್ಲಿ ನಾವು ಇನ್ನೂ ಪೆಟ್ಟಿಗೆ ಇಳಿಸುತ್ತಿರುವಾಗಲೇ ಬಳೆ ಮಾರುವ ಹೆಂಗಸೊಬ್ಬಳು ಬಂದಳು. ಸಿಂಧನೂರಿನಿಂದ ಇತ್ತ ಊರೂರು ತಿರುಗುವವಳು, ಅವಳ ನಾಲಿಗೆಗೆ ಹೆದರದ ಮನೆಯಿಲ್ಲ. ಹದಿನೈದು ದಿನದ ಹಿಂದೆ ನಮ್ಮಲ್ಲೇ ಪೆಟ್ಟಿಗೆ ಕೊಂಡಿದ್ದಳು. ಅದನ್ನೇ ತಲೆಯ ಮೇಲಿಂದ ದೊಪ್ಪನೆ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

‘ಯಣ್ಣಾ, ನಿನ್ನ ಪೆಟಿಗಿ ಹೊತ್ತು ನನ್ನ ಕುತಿಗಿ ಮುರದು ಹೋಗೈತಿ. ಇದನ್ನ ತಗೋ, ನನ್ನ ನಾಕು ರೂಪಾಯಿ ಕೊಡು. ಸಣ್ಣದು ಮಾತ್ರ ಕೊಡಂಗಿಲ್ಲ. ಅದು ಕೊಸರು, ನಂದು.’

ಸಣ್ಣದು ಅವಳ ಸೊಂಟದ ಚೀಲದಲ್ಲಿತ್ತು, ಚಿಲ್ಲರೆ ಇಡಲು. ಮುಚ್ಚಳ ಜಾರಿಸಿ ಎಲ್ಲರಿಗೂ ತೋರಿಸಿದಳು. ದೊಡ್ಡದನ್ನು ವಾಪಸು ತೆಗೆದುಕೊಳ್ಳದಿದ್ದರೆ ಇವಳು ಊರೂರಿಗೆ ಸುದ್ದಿ ಹೊತ್ತಾಳು. ತೆಗೆದುಕೊಂಡರೆ ನಾಲ್ಕೂ ರೂಪಾಯಿ ಹೋದವು, ಸಣ್ಣ ಪೆಟ್ಟಿಗೆಯೂ ಹೋಯಿತು. ಹಗ್ಗದವನು, ಎಣ್ಣೆಯವನು, ಮೆಣಸಿನಕಾಯಿಯವಳು ಎಲ್ಲರೂ ಸೇರಿ ನ್ಯಾಯ ಮಾಡಲು ಕೂತರು. ಕೊಟ್ಟ ಕೊಸರು ತಿರುಗಿ ಕೇಳುವ ಪದ್ಧತಿ ಎಲ್ಲೂ ಇಲ್ಲ ಎಂದು ಎಲ್ಲರೂ ಅವಳ ಕಡೆಗೇ ಆದರು.

ಮಾವ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ತುಂಡಿನದು ತಾನೆ, ಇರಲಿ ಬಿಡು ಎನ್ನುತ್ತಾರೆ, ರೊಕ್ಕ ಎಣಿಸಿ ಕೊಡುತ್ತಾರೆ, ಅಲ್ಲಿಗೆ ನನ್ನ ಕೆಲಸ ಯಾವತ್ತಿಗೂ ಪುಕ್ಕಟೆ. ಸೆರಗು ಇನ್ನಷ್ಟು ಮುಂದೆಳೆದುಕೊಂಡು ಕೂತೆ. ಕಣ್ಣಲ್ಲಿ ನೀರು ಬಂದಿದ್ದು ಯಾರಿಗೂ ಕಾಣಬಾರದಿತ್ತು.

ಮಾವ ಜೇಬಿಗೆ ಕೈ ಹಾಕಿದವರು ಹಾಗೇ ನಿಂತರು. ಬಳೆಯವಳ ಕೈಯಿಂದ ಆ ಸಣ್ಣ ಪೆಟ್ಟಿಗೆಯನ್ನು ಕೇಳಿ ಪಡೆದು, ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಪೂರ್ತಿ ಹಿಂದೆ ತಿರುಗಿ, ಅಷ್ಟು ಜನರ ಎದುರಿಗೆ, ನನ್ನ ಮುಖಕ್ಕೇ ಕೇಳಿದರು:

‘ಯವ್ವಾ, ಇದು ನಿನಗ ಎಷ್ಟು ದಿನ ಹಿಡೀತು?’

ಮದುವೆಯಾಗಿ ಮೂರು ವರ್ಷದಲ್ಲಿ ಅವರು ನೇರವಾಗಿ ನನ್ನನ್ನು ಏನನ್ನೂ ಕೇಳಿರಲಿಲ್ಲ. ಹೆಚ್ಚು ಹೇಳಿದರೆ ಜಂಬವೆಂದಾರು ಎಂದು ನಾಚಿಕೊಂಡು ಎರಡು ದಿನ ಅಂದೆ.

‘ಎರಡಲ್ಲ, ಎರಡೂವರಿ,’ ಎಂದರು ಮಾವ. ‘ಮೂಲಿ ಕೂಡಸಾಕ ಒಂದು ದಿನ ಪೂರಾ ಹಿಡೀತೈತಿ. ನಾ ನೋಡೀನಿ.’

ನೋಡಿದ್ದರು! ಮಧ್ಯಾಹ್ನ ಹೊಲಕ್ಕೆ ಹೋಗಿದ್ದಾರೆ ಎಂದು ನಾನು ತಿಳಿದಿದ್ದಾಗ ಎಲ್ಲಿ ನಿಂತು ನೋಡಿದ್ದರೋ, ಎಷ್ಟು ಸಲ ನೋಡಿದ್ದರೋ. ಅವರು ಬಳೆಯವಳ ಕಡೆ ತಿರುಗಿ, ಹಣೆಯಲ್ಲಿ ಒಂದು ಹನಿ ಬೆವರಿಲ್ಲದೆ, ಲೆಕ್ಕ ಹೇಳಿದರು. ಬಡಿಗನ ಕೂಲಿ ದಿನಕ್ಕೆ ಎಂಟಾಣೆ. ಎರಡೂವರೆ ದಿನಕ್ಕೆ ಒಂದು ರೂಪಾಯಿ ನಾಲ್ಕಾಣೆ. ನಾಲ್ಕರಲ್ಲಿ ಅದನ್ನು ಕಳೆದು ಎರಡು ರೂಪಾಯಿ ಹನ್ನೆರಡಾಣೆ ತಗೊಂಡು ಹೋಗು. ತಮ್ಮ ಮಗನಿಗೆ ಹಿಡಿಯುವ ರೇಟನ್ನೇ ನನಗೂ ಹಿಡಿದಿದ್ದರು, ಒಂದು ಕಾಸೂ ಕಡಿಮೆಯಿಲ್ಲ.

ಕೊಸರಿಗೆ ರೇಟೇ ಎಂದು ಎಣ್ಣೆಯವನು ಬಾಯಿ ಹಾಕಿದ.

‘ಇದು ಕೊಸರಲ್ಲ,’ ಎಂದರು ಮಾವ. ‘ಇಷ್ಟ್ ದಿನ ನಾ ತಪ್ಪು ಮಾಡೀನಿ. ಇದು ಸಾಮಾನ. ನಮ್ಮ ಸೊಸಿ ಮಾಡ್ಯಾಳ.’

ಹೆಂಗಸು ಉಳಿ ಹಿಡಿದದ್ದು ಹೀಗೆ ಸಂತೆಗೆಲ್ಲ ಗೊತ್ತಾಯಿತು. ಯಾರೋ ಕಿಸಕ್ಕನೆ ನಕ್ಕರು, ಹಗ್ಗದವನು ನನ್ನ ಕಡೆ ಕತ್ತು ಚಾಚಿ ನೋಡಿದ. ಮಾವ ಯಾರ ಕಡೆಗೂ ನೋಡಲಿಲ್ಲ.

ಬಳೆಯವಳು ಸುಮ್ಮನೆ ಬಿಡುವ ಪೈಕಿಯೇ? ಒಂದು ರೂಪಾಯಿಗೆ ಬಾ ಎಂದಳು, ಅಣ್ಣ ತಮ್ಮ ಎಂದಳು, ತಾನು ಬಡವಿ ಎಂದಳು. ಮಾವ ಅಲುಗಾಡಲಿಲ್ಲ. ಕೊನೆಗೆ ಎರಡು ರೂಪಾಯಿ ಹನ್ನೆರಡಾಣೆ ಎಣಿಸಿಕೊಂಡು, ಸಣ್ಣ ಪೆಟ್ಟಿಗೆಗೆ ಸುರಿದು, ಮುಚ್ಚಳ ಜಾರಿಸಿದಳು. ಹೊರಟವಳು ಮತ್ತೆ ನಿಂತಳು. ಬೆಲೆ ಕೊಟ್ಟು ಕೊಂಡೆನಲ್ಲ, ಹಾಗಾದರೆ ಇದಕ್ಕೆ ಕೊಸರು ಏನು ಎಂದಳು.

ಸುತ್ತ ಕೂತವರೆಲ್ಲ ನಕ್ಕರು. ಮಾವ ನಗಲಿಲ್ಲ. ‘ನನ್ನ ಕೇಳಬ್ಯಾಡ,’ ಎಂದು ನನ್ನ ಕಡೆ ಕೈ ತೋರಿಸಿದರು. ‘ಸಾಮಾನ ಆಕೀದು.’

ನಾನು ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿ ಅವಳನ್ನು ನೇರ ನೋಡಿದೆ. ಏನೂ ಕೊಡುವುದಿಲ್ಲ ಎಂದೆ.