ಅನಾರಸದ ಮೇಲಿನ ಗಸಗಸೆ

ಪರದೇಶಕ್ಕೆ ಹೊರಟ ವಿದ್ಯಾರ್ಥಿಗಳಿಗೆ ಏನು ಒಯ್ಯಬೇಕು, ಏನು ಒಯ್ಯಬಾರದು, ತೊಂದರೆ ಬಂದರೆ ಯಾರಿಗೆ ಫೋನ್ ಹಚ್ಚಬೇಕು ಅಂತ ಹೇಳಿಕೊಡುವ ಕೆಲಸ ಜಮಖಂಡಿಯ ನಮ್ಮ ಕಾಲೇಜಿನಲ್ಲಿ ನನ್ನದು. ಹಾಗಂತ ನಾನೇನು ವಿಮಾನ ಹತ್ತಿದವಳಲ್ಲ. ಪಾಸ್‌ಪೋರ್ಟ್ ಇದೆ. ಮೊದಲನೆಯದು ಖಾಲಿಯಾಗಿಯೇ ಅವಧಿ ಮುಗಿಸಿತು, ಎರಡನೆಯದೂ ಅದೇ ದಾರಿ ಹಿಡಿದಿದೆ. ಆದರೂ ಯಾವ ದೇಶ ಏನನ್ನು ಒಳಗೆ ಬಿಡುತ್ತದೆ, ಏನನ್ನು ಬಿಡುವುದಿಲ್ಲ ಎಂದು ಓದುವ ಚಟ ನನಗೆ. ಮನೆಯವರು ಧಾರಾವಾಹಿ ನೋಡುವ ಹೊತ್ತಿನಲ್ಲಿ ನಾನು ಮೊಬೈಲ್ ಹಿಡಿದು ಕೂತು ನನ್ನನ್ನು ಎಂದೂ ಕರೆಯದ ಊರುಗಳ ನಿಯಮ ಓದುತ್ತಿರುತ್ತೇನೆ.

ಆ ವರ್ಷ ಜವಳಿ ವಿಷಯ ಓದುತ್ತಿದ್ದ ಹುಡುಗಿಯೊಬ್ಬಳು ಮೂರು ತಿಂಗಳ ತರಬೇತಿಗೆ ಜರ್ಮನಿಗೆ ಆಯ್ಕೆಯಾದಳು. ಬನಹಟ್ಟಿಯ ನೇಕಾರರ ಮನೆಯವಳು. ತರಗತಿಯಲ್ಲಿ ಅವಳದು ಭಾರಿ ಸಡಿಲು. ಅಪರಿಚಿತರು ಕೊಟ್ಟ ಗಂಟು ಮುಟ್ಟಬೇಡಿ, ಮನೆಯ ಫೋನ್ ನಂಬರ್ ಬಾಯಿಪಾಠ ಮಾಡಿ, ಪಾಸ್‌ಪೋರ್ಟಿನ ಪ್ರತಿ ಬೇರೆ ಚೀಲದಲ್ಲಿಡಿ ಅಂತ ನಾನು ಗಂಟಲು ಹರಿದುಕೊಳ್ಳುತ್ತಿದ್ದರೆ, ಅವಳು ಮುಧೋಳಕ್ಕೆ ಮದುವೆಗೆ ಹೊರಟವಳ ಹಾಗೆ ನಗುತ್ತ ಕೂತಿರುತ್ತಿದ್ದಳು. ಒಂದು ದಿನ ಎಲ್ಲರೂ ನೋಡಲಿ ಅಂತ ನನ್ನ ಪಾಸ್‌ಪೋರ್ಟನ್ನೇ ಕೈಯಿಂದ ಕೈಗೆ ದಾಟಿಸಿದೆ. ಅವಳು ಅದರ ಹಾಳೆಗಳನ್ನೆಲ್ಲ ತಿರುವಿ, "ಮೇಡಮ್ಮರ, ಇದರಾಗ ಒಂದೂ ಶಿಕ್ಕಾ ಇಲ್ಲಲ್ರಿ?" ಅಂದಳು.

ಕುಹಕವೇನೂ ಇರಲಿಲ್ಲ, ಕಂಡದ್ದನ್ನು ಕೇಳಿದಳು ಅಷ್ಟೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ನನಗೂ ಒಮ್ಮೆ ಹೀಗೊಂದು ಅವಕಾಶ ಬಂದಿತ್ತು. ಎಂ.ಎ. ಓದುವಾಗ ಹೊರದೇಶದ ಪತ್ರ ಹಿಡಿದುಕೊಂಡು ಗಲಗಲಿಯ ನಮ್ಮ ಮನೆಗೆ ಓಡಿದ್ದೆ. ಅವ್ವ ರೊಟ್ಟಿ ಬಡಿಯುತ್ತ, ತಲೆಯನ್ನೂ ಎತ್ತದೆ, "ಅಷ್ಟು ದೂರ ಹೋಗಿ ಏನ್ ಮಾಡಾಕಿ? ಮಂದಿ ಏನಂದಾರು?" ಅಂದಳು. ಅಪ್ಪ ಅವಳ ಮುಖ ನೋಡಿ ಹೊರಗೆ ನಡೆದ. ನಾನೂ ಆ ಮಾತು ಅಲ್ಲಿಗೇ ಬಿಟ್ಟೆ. ಪತ್ರ ಎಲ್ಲಿ ಹೋಯಿತೋ ಗೊತ್ತಿಲ್ಲ.

ಹುಡುಗಿ ಹೊರಡುವುದು ಶುಕ್ರವಾರ ಅಂತಾಯಿತು. ಪಾಲಕರ ಸಹಿ ತರಲು, ಸಾಮಾನು ನೋಡಿ ಬರಲು ರವಿವಾರ ಬನಹಟ್ಟಿಗೆ ಹೋದೆ. ಒಳಗಿನ ಕೋಣೆಯಲ್ಲಿ ಎರಡು ಪಾವರ್‌ಲೂಮ್ ಓಡುತ್ತಿದ್ದವು. ಅವಳ ತಾಯಿ ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು ಬಂದು, ಕಾಗದದಲ್ಲಿ ಏನಿದೆ ಅಂತಲೂ ಕೇಳದೆ ಸಹಿ ಹಾಕಿದರು.

"ಹೆದರಿಕಿ ಇಲ್ಲೇನ್ರಿ?" ಅಂದೆ.

"ಹೆದರಿಕಿ ಐತ್ರಿ ಅಕ್ಕಾರ. ಆದ್ರ ನಾ ಅಂತೂ ಇಷ್ಟ ವರ್ಷದಾಗ ವಿಜಾಪುರ ದಾಟಿಲ್ಲ. ಆಕಿ ನೋಡಿ ಬಂದು ಹೇಳಿದ್ರ ನಾನೂ ನೋಡಿಧಂಗ ಆತು. ನೀವು ಎಲ್ಲಾ ಹೇಳಿಕೊಟ್ಟೀರಿ, ಇನ್ನೇನ್ರಿ?"

ಹುಡುಗಿ ಜರ್ಮನಿಗೆ ಹೋಗುವುದು ನನ್ನನ್ನು ಅಷ್ಟು ಸುಡಲಿಲ್ಲ. ಹೋಗು ಅನ್ನುವ ತಾಯಿ ಅವಳಿಗಿದ್ದಾಳಲ್ಲ, ಅದು ಸುಟ್ಟಿತು.

ಆಮೇಲೆ ಆಕೆ ಸ್ಟೀಲಿನ ದೊಡ್ಡ ಡಬ್ಬಿ ತೆರೆದು ತೋರಿಸಿದರು. ಮಗಳ ಜೊತೆ ಕಳಿಸಲು ಅಕ್ಕಿಹಿಟ್ಟು, ಬೆಲ್ಲ ಕಲಸಿ ಕರಿದ ಅನಾರಸ. ಒಂದೊಂದರ ಮೇಲೂ ಒತ್ತಾಗಿ ಗಸಗಸೆ. ನನ್ನ ತಟ್ಟೆಗೂ ಮೂರು ಹಾಕಿದರು.

ಹುಡುಗಿ ದಾರಿಯಲ್ಲಿ ಗಲ್ಫಿನ ಒಂದು ಊರಿನಲ್ಲಿ ಸಾಮಾನು ಇಳಿಸಿಕೊಂಡು ಹೊರಗೆ ಬಂದು ಒಂದು ರಾತ್ರಿ ತಂಗಬೇಕಿತ್ತು. ಅಲ್ಲಿ ಗಸಗಸೆಯನ್ನು ಅಫೀಮಿನ ಸಾಲಿಗೆ ಸೇರಿಸಿ ನಿಷೇಧಿಸಿದ್ದಾರೆ. ಸಿಕ್ಕಿಬಿದ್ದರೆ ತರಬೇತಿ ಹಾಗಿರಲಿ, ಜೈಲು ಕಾಣಬೇಕಾದೀತು. ನಮಗೆ ಕೊಟ್ಟ ಅಚ್ಚಿನ ಪಟ್ಟಿಯಲ್ಲಿ ಈ ವಿಷಯ ಇರಲಿಲ್ಲ. ಆ ಮನೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಗಸಗಸೆಯನ್ನು ಬೆರಳಿನಿಂದ ತಟ್ಟೆಗೆ ಉದುರಿಸುತ್ತ, ಮೂರನ್ನೂ ತಿಂದೆ. "ಛಲೋ ಆಗ್ಯಾವ್ರಿ" ಅಂದೆ. ಬಸ್ಸು ಹತ್ತಿ ಜಮಖಂಡಿಗೆ ಬಂದೆ.

ಮರೆತಿದ್ದೆ ಅಂತ ಬರೆದರೆ ಶುದ್ಧ ಸುಳ್ಳಾದೀತು. ಸೋಮವಾರ ನೆನಪಿತ್ತು, ಮಂಗಳವಾರವೂ ನೆನಪಿತ್ತು. ಯಾರು ಡಬ್ಬಿ ತೆಗೆದು ನೋಡುತ್ತಾರೆ ಬಿಡು ಅಂದುಕೊಂಡೆ. ಇಷ್ಟೆಲ್ಲ ನಗುವವಳಿಗೆ ಒಂದಿಷ್ಟು ಬಿಸಿ ತಟ್ಟಲಿ ಅಂತಲೂ ಅಂದುಕೊಂಡೆ. ಅದನ್ನು ಒಂದು ಸಲವಲ್ಲ, ಹಲವು ಸಲ ಅಂದುಕೊಂಡೆ.

ಬುಧವಾರ ಮಧ್ಯಾಹ್ನ ಆ ತಾಯಿಯ ಫೋನ್ ಬಂತು. ಹಿಂದೆ ಮಗ್ಗದ ಸದ್ದು. "ಅಕ್ಕಾರ, ಅನಾರಸದ ಡಬ್ಬಿ ದೊಡ್ಡ ಚೀಲದಾಗ ಇಡ್ಲೋ, ಕೈಚೀಲದಾಗ ಇಡ್ಲೋ? ನೀವು ಹೆಂಗಂತೀರಿ ಹಂಗ."

ಕೇಳಿದ ಮೇಲೆ ಸುಳ್ಳು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಗಸಗಸೆಯ ವಿಷಯವನ್ನೆಲ್ಲ ಹೇಳಿದೆ, ರವಿವಾರವೇ ಗೊತ್ತಿತ್ತು ಅನ್ನುವುದೊಂದನ್ನು ಬಿಟ್ಟು. ಆ ಕಡೆ ಯಾರಿಗೋ ಮಗ್ಗ ನಿಲ್ಲಿಸಲು ಹೇಳಿದರು. ಆಮೇಲೆ, "ನೀವು ಇದ್ದೀರಂತ ನನ್ನ ಮಗಳು ಉಳದ್ಲು" ಅಂದರು. ಅವತ್ತೇ ಕೂತು ಉಳಿದ ಹಿಟ್ಟಿನಲ್ಲಿ ಗಸಗಸೆ ಇಲ್ಲದೆ ಬೇರೆ ಅನಾರಸ ಕರಿದರಂತೆ. ಮೊದಲಿನವನ್ನು ಓಣಿಯ ಮನೆಮನೆಗೆ ಹಂಚಿ, ನನ್ನ ಉಪಕಾರವನ್ನೂ ಅದರ ಜೊತೆಗೇ ಹಂಚಿದರಂತೆ. ಮುಂದೆ ರಬಕವಿ-ಬನಹಟ್ಟಿಯಿಂದ ಬರುವ ಹುಡುಗರೆಲ್ಲ ನನಗೆ ತುಸು ಹೆಚ್ಚೇ ನಮಸ್ಕಾರ ಮಾಡತೊಡಗಿದರು. ಪ್ರತಿ ನಮಸ್ಕಾರಕ್ಕೂ ನಾನು ಮುಖ ಬೇರೆ ಕಡೆ ತಿರುಗಿಸುತ್ತಿದ್ದೆ.

ಮೂರು ತಿಂಗಳಾದ ಮೇಲೆ ಹುಡುಗಿ ಕಾಲೇಜಿಗೆ ಬಂದಳು. ಅಲ್ಲಿನ ಮಗ್ಗಗಳ ಬಗ್ಗೆ, ಚಳಿಯ ಬಗ್ಗೆ ಚೆನ್ನಾಗಿ ಮಾತಾಡಿದಳು. ನಾನು ಹೊಟ್ಟೆಕಿಚ್ಚಿನಿಂದಲೇ ಕೇಳಿದೆ; ಅದೇನೂ ಕಡಿಮೆಯಾಗಿರಲಿಲ್ಲ. ಸ್ಟಾಫ್ ರೂಮಿನಿಂದ ಉಳಿದವರೆಲ್ಲ ಪಾಠಕ್ಕೆ ಎದ್ದು ಹೋದ ಮೇಲೆ ಅವಳು ದನಿ ತಗ್ಗಿಸಿದಳು.

"ಮೇಡಮ್ಮರ, ಆ ರವಿವಾರ ನೀವು ಖಸಖಸಿ ಉದುರಿಸಿ ಉದುರಿಸಿ ತಿನ್ನಾಕತ್ತಿದ್ರಿ. ನಾ ಬಾಗಲದಾಗ ನಿಂತು ನೋಡಾಕತ್ತಿದ್ದೆ. ಆವಾಗ್ಲೇ ನಿಮಗ ಗೊತ್ತಿತ್ತಲ್ರಿ?"

"ಗೊತ್ತಿತ್ತು" ಅಂದೆ.

ಅವಳು ಸಿಟ್ಟಾಗಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ.

"ಅವ್ವಗ ಹೇಳಿಲ್ಲರಿ ನಾ. ನೀವು ಅದೀರಂತ ತಂಗೀನೂ ಇದ ಕಾಲೇಜಿಗೆ ಹಚ್ಚಾಕತ್ತಾಳ."

ತಂಗಿಯ ಪ್ರವೇಶದ ಅರ್ಜಿ ಅವಳ ಕೈಯಲ್ಲೇ ಇತ್ತು. ಕೊಡು, ನಾನೇ ಆಫೀಸಿಗೆ ಮುಟ್ಟಿಸುತ್ತೇನೆ ಅಂತ ಕೈ ಚಾಚಿದೆ. "ಇರಲ್ರಿ" ಅಂದಳು. ಅರ್ಜಿಯನ್ನು ಎದೆಗೊತ್ತಿ ಹಿಡಿದುಕೊಂಡು ಹೋಗಿ, ಆಫೀಸಿನ ಕಿಟಕಿಯ ಮುಂದಿನ ಉದ್ದನೆಯ ಪಾಳಿಯಲ್ಲಿ ತಾನೇ ನಿಂತಳು.